ಸೀತಮ್ಮ ಎಂಬ ಹೆಸರಿನ ಆರ್ಡರು

ಸರಕ್ಕಿ, ಜೆ.ಪಿ. ನಗರ
೧೪ ಆಗಸ್ಟ್ ೨೦೨೪, ಬುಧವಾರ

ಪ್ರೀತಿಯ ತಂಗಿ ಮೈತ್ರಿಗೆ ನಿನ್ನ ಅಣ್ಣ ನರೇಂದ್ರನ ಜೈಭೀಮ್.

ಹೇಗಿದ್ದೀಯ? ನೋವು ಎಷ್ಟಿದೆ? ಊಟ ಸೇರುತ್ತಿದೆಯೇ, ನಿದ್ದೆ ಬರುತ್ತಿದೆಯೇ? ಆರು ವರ್ಷ ಒಂದು ಮಾತೂ ಆಡದವನು ಇದ್ದಕ್ಕಿದ್ದಂತೆ ನೋವಿನ ವಿಷಯ ಕೇಳುತ್ತಾನಲ್ಲ ಎಂದು ಗಾಬರಿಯಾಗಬೇಡ. ನನಗೆ ಎಲ್ಲ ಗೊತ್ತಾಗಿದೆ. ಹೇಗೆ ಗೊತ್ತಾಯಿತು ಎಂದು ಹೇಳುವುದಕ್ಕೇ ಈ ಕಾಗದ. ನಿನ್ನ ಫೋನ್ ನಂಬರು ನನ್ನ ಹತ್ತಿರ ಇದೆ, ಆದರೆ ಅದಕ್ಕೆ ಮೆಸೇಜು ಕಳಿಸುವ ಧೈರ್ಯ ಇಲ್ಲ. ಯಾಕೆಂದು ಓದುತ್ತಾ ಹೋದರೆ ತಿಳಿಯುತ್ತದೆ. ಅಮ್ಮ ಚೆನ್ನಾಗಿದ್ದಾಳೆ ಅಂತ ಬರೆಯಬೇಕು. ಬಿಪಿ ಮಾತ್ರೆ ನುಂಗುತ್ತಾಳೆ, ಕಣ್ಣಿನ ಪೊರೆ ತೆಗೆಸಿದ್ದೇವೆ, ಸೂಜಿಗೆ ದಾರ ಈಗಲೂ ತಾನೇ ಪೋಣಿಸುತ್ತಾಳೆ. ನಾನು ಹೋಗಿ ಪೋಣಿಸಿಕೊಟ್ಟರೆ ಅದನ್ನು ಎಳೆದು ಹಾಕಿ ಮತ್ತೆ ಪೋಣಿಸುತ್ತಾಳೆ, ನಿನಗೆ ಗೊತ್ತಲ್ಲ ಅವಳ ಬುದ್ಧಿ.

ನೀನು ಹೋದ ಮೇಲಿನ ಸುದ್ದಿ ನಿನಗೆ ಹೇಳಿದವರು ಯಾರೂ ಇರಲಿಕ್ಕಿಲ್ಲ. ನನ್ನ ಡಿಟಿಪಿ ಅಂಗಡಿ ಕೊರೋನಾದಲ್ಲಿ ಮುಚ್ಚಿತು. ಲಗ್ನಪತ್ರಿಕೆ ಎಲ್ಲ ಫೋನಿನಲ್ಲೇ ಹೋಗುವ ಕಾಲ ಬಂದ ಮೇಲೆ ನನ್ನನ್ನು ಕೇಳುವವರು ಯಾರು? ಆಗ ಮನೆಯಲ್ಲಿ ನಿಲ್ಲದೆ ಓಡುತ್ತಿದ್ದದ್ದು ಅಮ್ಮನ ಹೊಲಿಗೆ ಮಿಷನ್ ಒಂದೇ. ಹಿಂದಿನ ಬೀದಿಯ ಅಂಗನವಾಡಿ ಟೀಚರು ನೀಲಗಂಗಮ್ಮನವರಿಗೆ ಸ್ತನದ ಕ್ಯಾನ್ಸರ್ ಆಗಿ ಒಂದು ಕಡೆ ತೆಗೆದಿದ್ದರು. ಅವರು ತಮ್ಮ ಹಳೆಯ ರವಿಕೆಗಳನ್ನೆಲ್ಲ ಗಂಟು ಕಟ್ಟಿಕೊಂಡು ಬಂದು, "ನಾಗಲಕ್ಷ್ಮಮ್ಮ, ಒಂದ್ ಕಡೆ ಜೋತು ಬೀಳುತ್ತೆ. ಮಕ್ಕಳು ಅಲ್ಲೇ ನೋಡ್ತಾವೆ. ಏನಾದ್ರೂ ಮಾಡ್ಕೊಡಿ" ಎಂದರು. ಅಮ್ಮ ಒಳಗಡೆ ಒಂದು ಜೇಬು ಹೊಲಿದು, ಹತ್ತಿಯ ನಡುವೆ ತೂಕಕ್ಕೆಂದು ಒಂದು ಹಿಡಿ ಸಾಸಿವೆ ತುಂಬಿದ ದಿಂಬಿನಂಥದ್ದನ್ನು ಅದರಲ್ಲಿ ಕೂರಿಸಿದಳು. ಹೊಲಿಗೆ ಗಾಯಕ್ಕೆ ತಾಗದ ಹಾಗೆ ಕಂಕುಳ ಕೆಳಗಿನ ಜೋಡಣೆಯನ್ನು ಹೊರಗೆ ತಿರುಗಿಸಿದಳು. ನೀಲಗಂಗಮ್ಮನವರಿಂದ ಆಸ್ಪತ್ರೆಯ ನರ್ಸಿಗೆ, ನರ್ಸಿನಿಂದ ಇನ್ನೊಬ್ಬರಿಗೆ ಸುದ್ದಿ ಹೋಗಿ ಕೋಲಾರ, ಹಾಸನದಿಂದೆಲ್ಲ ಫೋನು ಬರತೊಡಗಿತು. ಫೋನೆತ್ತುತ್ತಿದ್ದವನು ನಾನು. ಗಂಡಸಿನ ದನಿ ಕೇಳಿದ ಕೂಡಲೇ ಅರ್ಧ ಜನ ಏನೂ ಹೇಳದೆ ಇಟ್ಟುಬಿಡುತ್ತಿದ್ದರು. ಯಾರ ಹತ್ತಿರವೂ ಮಾತಾಡದೆ ತರಿಸಿಕೊಳ್ಳುವ ಹಾಗಿರಬೇಕು ಎಂದು ವೆಬ್‌ಸೈಟ್ ಮಾಡಲು ಕೂತೆ.

ಅಕ್ಷರ ಜೋಡಿಸಿ ಬದುಕಿದವನಿಗೆ ಅದೇನು ಮಹಾ ಎಂದುಕೊಂಡಿದ್ದೆ. ಸಿದ್ಧವಾದ ವಿನ್ಯಾಸಗಳು, ಥೀಮ್ ಅನ್ನುತ್ತಾರೆ, ನೂರಾರು ಸಿಗುತ್ತವೆ. ಬಟ್ಟೆ ಅಂಗಡಿಗೆಂದು ಮಾಡಿದ್ದನ್ನು ಮೊದಲು ಹಾಕಿದೆ. ಪುಟ ತುಂಬ ಒಬ್ಬ ಹುಡುಗಿ ಕೂದಲು ಹಾರಿಸಿಕೊಂಡು ನಗುತ್ತಿದ್ದಳು. ನೀಲಗಂಗಮ್ಮ ಅವಳನ್ನು ಬಹಳ ಹೊತ್ತು ನೋಡಿ, "ಈ ಮಗು ಯಾತಕ್ಕೆ ನಗ್ತಿದೆ ನರೇಂದ್ರ?" ಎಂದರು. ತೆಗೆದೆ. ಗುಲಾಬಿ ಬಣ್ಣದ್ದು, ಹೂವಿನದ್ದು ತೋರಿಸಿದೆ. "ವಾರ್ಡಲ್ಲಿ ಪರದೆನೂ ಇದೇ ಬಣ್ಣ ಕಣಪ್ಪ, ಬೇಡ" ಎಂದರು. ಕೆಲವು ಥೀಮುಗಳಲ್ಲಿ ನಮ್ಮ ಒತ್ತಕ್ಷರಗಳ ಬುಡವೇ ಕತ್ತರಿಸಿಹೋಗುತ್ತಿತ್ತು, ಅಮ್ಮನ ಹೆಸರಿನ ಕ್ಷ್ಮ ಅರ್ಧ ಕಾಣುತ್ತಿತ್ತು. ಕಡೆಗೆ ನಟ್ಟು ಬೋಲ್ಟು ಮಾರುವವರಿಗೆಂದು ಯಾರೋ ಮಾಡಿದ ಥೀಮ್ ಸಿಕ್ಕಿತು. ಬಿಳಿ ಪುಟ, ಬೂದು ಗೆರೆ, ದಪ್ಪ ಅಕ್ಷರ, ಮುಖಗಳಿಲ್ಲ. ಎಲ್ಲರಿಗೂ ಅದೇ ಒಪ್ಪಿಗೆಯಾಯಿತು.

ಇನ್ನು ಕೊಳ್ಳುವವರು ಸಾಮಾನು ಹಾಕಿಟ್ಟುಕೊಳ್ಳುವ ಚೀಲ, ಕಾರ್ಟ್. ಅದನ್ನು ಆರಿಸುವುದರಲ್ಲೇ ನಾನು ತಪ್ಪು ಮಾಡಿದ್ದು. ಮೊದಲಿಗೆ ಎಲ್ಲ ಸರಿಯಾಗಿಯೇ ಮಾಡಿದೆ. ಖಾತೆ ತೆರೆಯಿರಿ, ಹುಟ್ಟಿದ ದಿನ ಹೇಳಿ ಎಂದು ಕೇಳುವ ಕಾರ್ಟ್‌ಗಳನ್ನು ಬಿಟ್ಟೆ. "ಇನ್ನು ಎರಡೇ ಉಳಿದಿವೆ, ಬೇಗ ಮಾಡಿ" ಎಂದು ಅವಸರಪಡಿಸುವುದನ್ನು ತೆಗೆದೆ. ಅಳತೆ ಬಿಟ್ಟು ಬೇರೇನಾದರೂ ಹೇಳಬೇಕಿದ್ದರೆ ಬರೆಯಲು ಒಂದು ಖಾಲಿ ಜಾಗ ಇರಲೇಬೇಕೆಂದು ಅಮ್ಮ ಹಟ ಹಿಡಿದಳು, ಅದನ್ನೂ ಇಟ್ಟೆ. ಆದರೆ ಚೀಲಕ್ಕೆ ಹಾಕಿ ಕೊಳ್ಳದೆ ಹೋದವರಿಗೆ ತಾನಾಗಿಯೇ ನೆನಪಿನ ಮೆಸೇಜು ಕಳಿಸುವ ಒಂದು ಅನುಕೂಲವಿತ್ತು. ಅದನ್ನು ಓದಿದೆ, ಅರ್ಥವೂ ಆಯಿತು, ನಾಲ್ಕು ಆರ್ಡರು ಹೆಚ್ಚು ಬರಲಿ ಎಂದು ಹಾಗೇ ಬಿಟ್ಟೆ. ಗೊತ್ತಿಲ್ಲದೆ ಆಯಿತು ಎಂದು ಅಮ್ಮನಿಗೆ ಹೇಳಿದ್ದೇನೆ. ನಿನಗೆ ಸುಳ್ಳು ಹೇಳುವುದಿಲ್ಲ.

ಫೆಬ್ರವರಿಯಲ್ಲಿ ಒಬ್ಬಾಕೆ ಅಳತೆ ಎಲ್ಲ ತುಂಬಿಸಿ, ನಂಬರು ಕೊಟ್ಟು, ಕೊನೆಯಲ್ಲಿ ಹಿಂಜರಿದು ಬಿಟ್ಟುಹೋಗಿದ್ದರು. ಅವರಿಗೆ ನನ್ನ ಕಾರ್ಟ್ ಮೂರು ದಿನ ಮೂರು ಮೆಸೇಜು ಕಳಿಸಿತು. "ನಿಮ್ಮ ರವಿಕೆ ನಿಮಗಾಗಿ ಕಾಯುತ್ತಿದೆ" ಎಂಬ ಸಾಲು, ಜೊತೆಗೆ ಎಡಗಡೆ ಜೇಬಿರುವ ರವಿಕೆಯ ಚಿತ್ರ. ಆ ಮನೆಗೆಲ್ಲ ಇದ್ದದ್ದು ಅದೊಂದೇ ಫೋನು. ಆಕೆ ಮನೆಯಲ್ಲಿ ಗರ್ಭಕೋಶದ ಆಪರೇಷನ್ ಅಂತ ಹೇಳಿದ್ದರಂತೆ. ಮಗಳ ಮದುವೆ ಮಾತು ನಡೆಯುತ್ತಿತ್ತು, ಹುಡುಗನ ಕಡೆಯವರಿಗೆ ಫೋಟೋ ತೋರಿಸುವಾಗಲೇ ಮೂರನೆಯ ಮೆಸೇಜು ಬಂದಿದೆ. ತಾಯಿಗೆ ಬಂದದ್ದು ಮಗಳಿಗೂ ಬರುತ್ತದೆ ಎಂದು ಅವರು ಎದ್ದುಹೋದರು. ಆಕೆ ನನಗೆ ಫೋನ್ ಮಾಡಿ ಬೈಯಲಿಲ್ಲ ಮೈತ್ರಿ. "ಇನ್ ಕಳಿಸ್ಬೇಡಿ ಸಾರ್, ನನ್ ಮಗಳು ನನ್ ಹತ್ರ ಮಾತಾಡ್ತಿಲ್ಲ" ಅಂದರು, ಅಷ್ಟೇ. ಅಮ್ಮ ಪಕ್ಕದಲ್ಲೇ ಗುಂಡಿ ಹೊಲಿಯುತ್ತಿದ್ದಳು, ಎಲ್ಲ ಕೇಳಿಸಿಕೊಂಡಳು. "ಬಾಗಿಲವರೆಗೂ ಬಂದು ವಾಪಸ್ ಹೋಗೋರ್ನ ಕೂಗಿ ಕರೀತಾರೇನೋ?" ಎಂದಳು. ನೆನಪಿನ ಮೆಸೇಜು ಅಂದೇ ನಿಲ್ಲಿಸಿದೆ, ಎಲ್ಲರ ನಂಬರೂ ಅಳಿಸಿದೆ. ಮಾಡಿದ್ದನ್ನು ಮಾತ್ರ ಅಳಿಸಲಾಗಲಿಲ್ಲ.

ಕಳೆದ ಬುಧವಾರ ಒಂದು ಆರ್ಡರು ಬಂತು. ಹೆಸರು ಸೀತಮ್ಮ, ವಿಳಾಸ ಅಂಜನಾಪುರ. ಎಂದಿನಂತೆ ಅಚ್ಚು ತೆಗೆದು ಅಮ್ಮನ ಮುಂದಿಟ್ಟೆ. ಭುಜ, ಎದೆ, ಕಂಕುಳು ಎಂದು ಬೆರಳಿಟ್ಟು ಓದುತ್ತಾ ಬಂದವಳು ಖಾಲಿ ಜಾಗದಲ್ಲಿ ಬರೆದದ್ದರ ಹತ್ತಿರ ನಿಂತಳು. "ಎಡತೋಳು ಅರ್ಧ ಇಂಚು ಗಿಡ್ಡ ಇರಲಿ. ಗಟ್ಟಿ ಬಟ್ಟೆ ಬೇಡ, ಬಹಳ ದಿನ ಬಾಳಬೇಕಾಗಿಲ್ಲ. ಮೆತ್ತಗಿದ್ದರೆ ಸಾಕು." ಅಮ್ಮ ಅದನ್ನು ಎರಡು ಸಲ ಓದಿದಳು. ಎರಡನೇ ಕ್ಲಾಸಿನಲ್ಲಿ ಕೆರೆ ಏರಿಯಿಂದ ಬಿದ್ದು ನಿನ್ನ ಮೊಣಕೈ ಸೊಟ್ಟ ಕೂಡಿಕೊಂಡಿತಲ್ಲ, ಅಂದಿನಿಂದ ನಿನ್ನ ಎಡತೋಳನ್ನು ಅರ್ಧ ಇಂಚು ಕಡಿಮೆ ಕತ್ತರಿಸುತ್ತಿದ್ದವಳು ಅವಳೇ. ಕನ್ನಡಕ ತೆಗೆದಿಟ್ಟು, "ಇದು ಮೈತ್ರಿ ಕಣೋ" ಎಂದಳು. ಇರಲಾರದು, ಎಷ್ಟೋ ಜನಕ್ಕೆ ಹಾಗಿರುತ್ತದೆ ಎಂದೆ. "ನನ್ ಮಗಳ ಅಳತೆ ನಂಗೆ ಹೇಳ್ಕೊಡ್ತೀಯ?" ಎಂದು ಎದ್ದು ಒಳಗೆ ಹೋದಳು. ಅಳುವುದು ಕೇಳಿಸಲಿಲ್ಲ. ಪೆಟ್ಟಿಗೆಯ ಮುಚ್ಚಳ ತೆಗೆದು ಬಟ್ಟೆ ಹುಡುಕುವ ಸದ್ದು ಕೇಳಿಸಿತು.

ಶನಿವಾರ ನಾನು ಆ ವಿಳಾಸಕ್ಕೆ ಬಂದಿದ್ದೆ. ನೀನು ಒಳಕೋಣೆಯಲ್ಲಿ ಮಾತ್ರೆ ನುಂಗಿ ಮಲಗಿದ್ದೆ. ನಿನ್ನ ಸಂಗಮೇಶ ಬಾಗಿಲಲ್ಲೇ ನನ್ನ ಗುರುತು ಹಿಡಿದು, ಹೊರಗೆ ಬಂದು ಬಾಗಿಲು ಎಳೆದುಕೊಂಡ. ಎಷ್ಟು ಇಳಿದುಹೋಗಿದ್ದಾನೆ! "ಎರಡನೇ ಸಲ ಬಂತ್ರಿ. ಈಗ ಎಲುಬಿಗೆ ಹೋಗೇತಿ. ಡಾಕ್ಟರು ಬರೇ ನೋವಿಗಷ್ಟ ಔಷಧ ಕೊಡಾಕತ್ತಾರ್ರಿ" ಎಂದ. ನಿನ್ನನ್ನು ಎಬ್ಬಿಸಲೇ ಎಂದು ಕೇಳಿದ್ದಕ್ಕೆ, "ಬ್ಯಾಡ್ರಿ. ಸಾಯ್ತೀನಂತ ಗೊತ್ತಾದ ಮ್ಯಾಲೆ ಯಾರೂ ಬರೋದು ಬ್ಯಾಡ ಅಂದಾಳ" ಎಂದ. ಅವನ ತಾಯಿ ಮುರಿಗೆವ್ವ ಚಹಾ ತಂದರು. ಆರು ವರ್ಷದ ಹಿಂದೆ ನಿಮ್ಮ ಮದುವೆ ಮಾತಿಗೆ ಬಂದು, ನಮ್ಮ ಜಾತಿಯ ಕಾರಣಕ್ಕೆ ನಮ್ಮ ಮನೆಯ ನೀರು ಮುಟ್ಟದೆ ಎದ್ದುಹೋದವರು. ನೀರು ಕುಡಿಯದವರ ಮನೆಗೆ ಹೋಗುವುದಾದರೆ ಮತ್ತೆ ಈ ಹೊಸಿಲು ತುಳಿಯಬೇಡ ಎಂದು ಅಪ್ಪ ನಿನಗೆ ಹೇಳಿದ್ದು ಅವತ್ತೇ. ಈಗ ನಿನಗೆ ಮೈ ತೊಳೆಸುವುದು, ತಲೆ ಒರೆಸುವುದು ಅವರೇ ಎಂದು ಸಂಗಮೇಶ ಹೇಳಿದ. ಆ ಮುದುಕಿ ಲೋಟ ಹಿಡಿದುಕೊಂಡು, "ಕುಡೀರಿ, ನಂದು ತಪ್ಪಾಗೇತಿ" ಎಂದಾಗ ಕುಡಿದೆ. ಅಪ್ಪನಾಗಿದ್ದರೆ ಕುಡಿಯುತ್ತಿದ್ದರೋ ಇಲ್ಲವೋ, ಗೊತ್ತಿಲ್ಲ.

ಅಪ್ಪ ತೀರಿಕೊಂಡ ದಿನ ನೀನು ನಮ್ಮ ಮನೆ ಎದುರಿನ ಔಷಧದ ಅಂಗಡಿ ಹತ್ತಿರ ಮುಸುಕು ಹಾಕಿಕೊಂಡು ನಿಂತಿದ್ದನ್ನು ನಾನು ನೋಡಿದ್ದೆ. ಅಮ್ಮ ನೋಡಲಿಲ್ಲ. ಅಪ್ಪನ ಮಾತು ಅಪ್ಪ ಇಲ್ಲದಾಗಲೂ ನಡೆಯಬೇಕು ಎಂಬ ಮೊಂಡುತನದಲ್ಲಿ ನಾನು ನಿನ್ನನ್ನು ಕರೆಯಲಿಲ್ಲ. ಆಗಲೇ ನಿನಗೆ ಮೊದಲ ಆಪರೇಷನ್ ಆಗಿ ತಿಂಗಳಾಗಿತ್ತು ಎಂದು ಶನಿವಾರ ತಿಳಿಯಿತು. ಅಷ್ಟು ಹೊತ್ತು ನಿಂತೇ ಇದ್ದೆಯಲ್ಲ. ಇದಕ್ಕೆ ಕ್ಷಮೆ ಕೇಳಿ ಬರೆದ ಸಾಲುಗಳನ್ನು ಮೂರು ಸಲ ಹೊಡೆದುಹಾಕಿದ್ದೇನೆ, ಯಾವುದೂ ಸಾಲಲಿಲ್ಲ.

ನಿನ್ನ ರವಿಕೆ ಮುಗಿದಿದೆ. ಅಮ್ಮ ಹಳೆಯ ಮಲ್ ಬಟ್ಟೆಯನ್ನು ಮೂರು ಸಲ ಒಗೆದು ಮೆತ್ತಗೆ ಮಾಡಿದಳು. ಆದರೆ ಹೊಲಿಗೆಯನ್ನು ಎಂದಿನಂತೆ ಎರಡೆರಡು ಸಾಲು ಹಾಕಿದ್ದಾಳೆ. ಒಂದು ಸಾಲು ಸಾಕಲ್ಲಮ್ಮ, ಚುಚ್ಚೀತು ಎಂದರೆ ಕೇಳಲಿಲ್ಲ.

ಸಂಗಮೇಶನಿಗೆ ನನ್ನ ನೆನಪುಗಳು, ಮುರಿಗೆವ್ವನವರಿಗೆ ನಮಸ್ಕಾರ. ನೀಲಗಂಗಮ್ಮ ನಿನ್ನನ್ನು ಕೇಳಿದ್ದಾರೆ. ನಿನ್ನ ನೋವು ಒಂದು ಗಳಿಗೆಯಾದರೂ ಇಳಿಯಲಿ, ರಾತ್ರಿ ಕಣ್ಣು ಮುಚ್ಚಲಿ. ಬುದ್ಧನ ಕರುಣೆ ನಿನ್ನ ಮೇಲಿರಲಿ.

ನಿನ್ನ ಅಣ್ಣ,
ನರೇಂದ್ರ

ತಾ.ಕ.: ಅಂಚೆಗೆ ಹಾಕಲು ಹೊರಟಿದ್ದೆ, ಅಮ್ಮ ಕವರು ಕಿತ್ತುಕೊಂಡಳು. ಮಗಳ ರವಿಕೆಯನ್ನು ತೊಡಿಸಿ ನೋಡದೆ ಕಳಿಸಿ ತನಗೆ ಅಭ್ಯಾಸವಿಲ್ಲವಂತೆ. ಆಟೋ ಬಂದಿದೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಚೀಲದಲ್ಲಿ ನಾಲ್ಕು ಸೀರೆ, ಎರಡು ತಿಂಗಳ ಬಿಪಿ ಮಾತ್ರೆ ಇಟ್ಟುಕೊಂಡಿದ್ದಾಳೆ, ಯಾವಾಗ ವಾಪಸ್ ಬರ್ತೀಯ ಎಂದು ಕೇಳಿದರೆ ಸೂಜಿ ದಾರದ ಡಬ್ಬಿಯನ್ನೂ ತುರುಕಿಕೊಂಡಳು. ಎಲುಬಿನ ವಿಷಯ ಅವಳಿಗೆ ಹೇಳುವುದು ನನ್ನ ಕೈಲಾಗಲಿಲ್ಲ ಮೈತ್ರಿ. ಗಾಯ ಮಾಯುತ್ತಿದೆ, ಅಷ್ಟೇ ಎಂದಿದ್ದೇನೆ. ಅದನ್ನು ನೀನೇ ಹೇಳಬೇಕು. ಈ ಕಾಗದ ಅವಳ ಕೈಯಲ್ಲೇ ಬರುತ್ತಿದೆ, ಒಡೆದು ಓದುವುದಿಲ್ಲ ಎಂದು ಮಾತು ಕೊಟ್ಟಿದ್ದಾಳೆ. ಮೊದಲು ಅವಳನ್ನು ಪಕ್ಕದಲ್ಲಿ ಕೂರಿಸಿಕೋ, ಆಮೇಲೆ ಓದು.