ಎದುರುಮನೆಯ ಫೋಟೊ

ಕೋಟೆ ಓಣಿ, ಬಸವಕಲ್ಯಾಣ
೪-೧೨-೧೯೭೫

ತಮ್ಮ ಮಹಾರುದ್ರಪ್ಪನಿಗೆ ಅಕ್ಕನ ಆಶೀರ್ವಾದ.

ನಾವು ಆರಾಮ ಇದ್ದೇವೆ. ಬೆನ್ನಿಗೆ ಚೀಲ ಹೊತ್ತು ಕೋಟೆ ನೋಡಲು ಬರುವ ಫಾರಿನ್ ಮಂದಿ ಈಗ ನಮ್ಮ ಓಣಿಯಲ್ಲೇ ಇಳಿದುಕೊಳ್ಳುತ್ತಾರೆ, ಎಲ್ಲರೂ ಎದುರುಮನೆ ಸುಮನಬಾಯಿಯ ಹತ್ತಿರ. ಅವಳಿಗೆ ರೊಟ್ಟಿ ಬಡಿಯಲು ಕಲಿಸಿದವಳು ನಾನು. ಇವತ್ತಿಗೂ ಅವಳ ರೊಟ್ಟಿಯ ಅಂಚು ಒಡೆಯುತ್ತದೆ. ಅಂಥ ರೊಟ್ಟಿ ಹಿಡಿದು ನಿಂತ ಅವಳ ಫೋಟೊ ತೆಗೆದು ಒಬ್ಬ ತನ್ನ ದೇಶದಿಂದ ಕಳಿಸಿದ್ದಾನೆ. ಓಣಿಗೆಲ್ಲ ತೋರಿಸಿ ನನ್ನ ಹತ್ತಿರವೂ ತಂದಳು.

"ನೋಡ್ರಿ ಅಕ್ಕಾ, ಹ್ಯಾಂಗ ಬಂದೀನಿ?"

"ರೊಟ್ಟಿ ಹರದದ" ಎಂದೆ.

ಆ ಫಾರಿನ್ ಮಂದಿಯೆಲ್ಲ ಹುಮನಾಬಾದ ಬಸ್ ಸ್ಟ್ಯಾಂಡಿನಲ್ಲಿ ನಿನ್ನ ಅಂಗಡಿಯ ಚಹಾ ಕುಡಿದೇ ಬರುತ್ತಾರೆ. ನನ್ನ ಮನೆ ಹೇಳಲು ನಿನ್ನ ಬಾಯಿಗೇನಾಗಿದೆ? ಒಬ್ಬನನ್ನಾದರೂ ಕಳಿಸು, ಕ್ಯಾಮೆರಾ ಇದ್ದವನನ್ನೇ ನೋಡಿ ಕಳಿಸು. ಯಾವ ದಿನ ಎಂದು ಮೊದಲೇ ಕಾರ್ಡು ಹಾಕು, ಹೊಸ ಸೀರೆ ಉಟ್ಟಿರುತ್ತೇನೆ.

ನಿನ್ನ ಅಕ್ಕ,
ಸೂಗಮ್ಮ