ಟೀವಿ ಆರಿಸಿದ ಬೆಳಿಗ್ಗೆ

ಕ್ಯಾಸಂಬಳ್ಳಿ
18 ಜನವರಿ 2025

ಪ್ರೀತಿಯ ಸೆಲ್ವಿ,

ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ನಾನು ಬೆಟ್ಟದ ಮೇಲೆ ಬಾಯಿ ಮುಚ್ಚಿಕೊಂಡು ಕೂತಿರುತ್ತೇನೆ. ಧ್ಯಾನಕೇಂದ್ರದ ಬಾಗಿಲಲ್ಲೇ ಫೋನು ಕೊಟ್ಟುಬಿಡಬೇಕಂತೆ. ಇಳಿದು ಬರುವ ತನಕ ಮಾತಿಲ್ಲ, ಬರೆಯುವುದೂ ಇಲ್ಲ. ಅದಕ್ಕೇ ಇವತ್ತೇ ಬರೆದು ಮಗಳು ಪ್ರಿಯಾ ಕೈಗೆ ಕೊಡುತ್ತಿದ್ದೇನೆ. ಎದುರಿಗೆ ಹೇಳಲು ಬಂದರೆ ನೀನು ಸುಮ್ಮನಿರು ಅಂತ ಗದರಿಸಿ ಸೀರೆ ಮಡಿಸಲು ಹಚ್ಚುತ್ತೀಯ.

ರಾಬರ್ಟ್‌ಸನ್‌ಪೇಟೆಯ ಅಂಗಡಿಯಲ್ಲಿ ಸಂಕ್ರಾಂತಿ ಮುಗಿದರೂ ಮದುವೆ ಜವಳಿಗೆ ಎಷ್ಟು ಜನ ಬರುತ್ತಾರೆಂದು ನನಗೆ ಗೊತ್ತು. ನಾನಿಲ್ಲದಷ್ಟು ದಿನ ನನ್ನ ಕೌಂಟರನ್ನೂ ನೋಡಿಕೊಳ್ಳುತ್ತೇನೆಂದು ನೀನು ಯಜಮಾನರ ಹತ್ತಿರ ಒಪ್ಪಿಕೊಂಡೆಯಲ್ಲ, ಅದನ್ನು ನನಗೆ ನೀನು ಹೇಳಲಿಲ್ಲ, ಅಂಗಡಿಯ ಬಚ್ಚಪ್ಪ ಹೇಳಿದ. ನನ್ನ ಗಂಡ ಬೈರೇಶ್ ಹೋದ ಮೇಲೆ ನಾನು ಮೊದಲ ಸಲ ಕೆಲಸಕ್ಕೆ ಬಂದ ದಿನವೂ ಹಾಗೇ. ಎಲ್ಲರೂ ಅಪಘಾತ ಹೇಗಾಯಿತು, ಎಲ್ಲಾಯಿತು ಅಂತ ಕೇಳಿದರು. ನೀನು ಏನೂ ಕೇಳದೆ ನಿನ್ನ ಡಬ್ಬಿಯ ಹುಳಿ ಅನ್ನದಲ್ಲಿ ಅರ್ಧ ನನ್ನ ತಟ್ಟೆಗೆ ಹಾಕಿದೆ. ಆಮೇಲೆ ಈ ಎರಡು ವರ್ಷ ನಾನು ತಲೆನೋವು, ನಿದ್ದೆ ಬರುವುದಿಲ್ಲ ಅಂದಾಗಲೆಲ್ಲ ನೀನು ಹಿಂದೆ ಹೋಗಿ ಬಂದಿದ್ದ ಆ ಬೆಟ್ಟದ ಮಾತನ್ನು ನೀನೇ ತೆಗೆಯುತ್ತಿದ್ದೆ.

ನಿಜ ಹೇಳುತ್ತೇನೆ ಸೆಲ್ವಿ, ನನಗೆ ತಲೆನೋವಿರಲಿಲ್ಲ. ಮನೆಯಲ್ಲಿ ಸದ್ದಿಲ್ಲದಿದ್ದರೆ ಅಳು ಬರುತ್ತಿತ್ತು. ಎದ್ದ ಕೂಡಲೇ ಟೀವಿ ಜೋರಾಗಿ ಹಾಕುತ್ತಿದ್ದೆ, ಒಳಗೆ ಅತ್ತರೆ ಅತ್ತೆಗೆ ಕೇಳಬಾರದೆಂದು. ಮಗ ಹೋದಾಗಲೂ ಅವರು ಬಾಯಿಬಿಟ್ಟು ಅತ್ತಿರಲಿಲ್ಲ. ಮೂರನೆಯ ದಿನಕ್ಕೇ ಹಾಲು ಕರೆಯಲು ಕೂತಿದ್ದರು. ನಮ್ಮತ್ತೆ ಈ ಚಿಕ್ಕಮುನಿಯಮ್ಮನ ಎದೆ ಕಲ್ಲು ಅಂತ ನಾನು ಎಷ್ಟೋ ಸಲ ಅಂದುಕೊಂಡಿದ್ದೆ.

ಬೆಟ್ಟಕ್ಕೆ ಹೋಗುವ ಮೊದಲು ಮನೆಯಲ್ಲೇ ಒಂದು ದಿನ ಮೌನವಿದ್ದು ನೋಡು ಅಂದಿದ್ದೆಯಲ್ಲ, ಹೋದ ಭಾನುವಾರ ಇದ್ದೆ. ನಾನು ಏಳುವ ಮೊದಲೇ ಅತ್ತೆ ಕೊಟ್ಟಿಗೆಗೆ ಹೋಗಿದ್ದರು, ಮೌನದ ವಿಷಯ ಅವರಿಗೆ ಹೇಳಿರಲಿಲ್ಲ. ಟೀವಿ ಹಾಕದೆ ಒಲೆಯ ಮುಂದೆ ಕೂತೆ. ಕೊಟ್ಟಿಗೆಯಿಂದ ಯಾರೋ ಮಾತಾಡುವುದು ಕೇಳಿಸಿತು. ಹಾಲಿಗೆ ಯಾರಾದರೂ ಬಂದರೇನೋ ಎಂದು ಎದ್ದು ಹೋಗಿ ನೋಡಿದರೆ, ಅತ್ತೆ ಹಸುವಿನ ಕೊರಳಿಗೆ ತಲೆ ಆನಿಸಿಕೊಂಡು ನಿಂತಿದ್ದರು.

"ನಿನ್ನ ಸಾಕಿದೋನು ಇವತ್ತೂ ಬರ್ಲಿಲ್ಲ ಕಣೆ. ಕನಸ್ನಾಗೆ ಬಂದು ಬೂಸ ಆಕ್ದೇನಮ್ಮ ಅಂತ ಕೇಳ್ದ," ಅನ್ನುತ್ತಿದ್ದರು.

ದಿನಾ ಹೀಗೇ ಮಾತಾಡುತ್ತಿದ್ದರಂತೆ. ನನ್ನ ಟೀವಿಯ ಗಲಾಟೆಯಲ್ಲಿ ಕೇಳಿಸಿರಲಿಲ್ಲ, ಅಷ್ಟೆ.

ನನ್ನ ಮೌನ ಅಲ್ಲಿಗೇ ಮುಗಿಯಿತು. ಅತ್ತೆ ಎಂದು ಕೂಗಿಬಿಟ್ಟೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡು, ತಾವೇ ತಪ್ಪು ಮಾಡಿ ಸಿಕ್ಕಿಬಿದ್ದವರಂತೆ ಹೇಳಿದರು: "ನನ್ನ ಬಾಯಾಗೆ ಅವನ ಎಸ್ರು ಬಂದ್ರೆ ನಿನ್ ಕಣ್ಣಾಗೆ ನೀರು ಬತ್ತದೆ ಅಂತ ಈ ಮೂಕಜೀವದತ್ರ ಯೋಳ್ಕಂತಿದ್ದೆ."

ಸಗಣಿಯ ನೆಲದ ಮೇಲೇ ಇಬ್ಬರೂ ಕೂತುಬಿಟ್ಟೆವು. ಅವನು ಚಿಕ್ಕವನಿದ್ದಾಗ ಕೆರೆಯಲ್ಲಿ ಎಮ್ಮೆ ಕಳೆದುಕೊಂಡು ಹೆದರಿ ಹುಲ್ಲಿನ ಬಣವೆಯೊಳಗೆ ಅಡಗಿದ್ದನ್ನು ಅತ್ತೆ ಹೇಳಿದರು. ನನ್ನನ್ನು ನೋಡಲು ಬಂದ ದಿನ ನಮ್ಮಮ್ಮ ಕೊಟ್ಟ ಕಾಫಿಗೆ ಸಕ್ಕರೆಯಿಲ್ಲದಿದ್ದರೂ ಪೂರ್ತಿ ಕುಡಿದನೆಂದು ನಾನು ಹೇಳಿದೆ. ಅತ್ತೆವು, ನಕ್ಕೆವು. ಡೈರಿಗೆ ಹಾಲು ಹಾಕುವ ಹೊತ್ತು ಮೀರಿತು. ಪ್ರಿಯಾ ಎದ್ದು ಬಂದವಳು ಗಾಬರಿಯಿಂದ ಇಬ್ಬರನ್ನೂ ನೋಡಿ, ಆಮೇಲೆ ತಾನೂ ಬಂದು ಮಧ್ಯೆ ಕೂತಳು.

ಇನ್ನು ಬೆಟ್ಟಕ್ಕೆ ಯಾಕೆ, ಬಿಟ್ಟುಬಿಡುತ್ತೇನೆ ಅಂದೆ. ಅತ್ತೆ ಒಪ್ಪಲಿಲ್ಲ. "ಓಗ್ಬಾರಮ್ಮ. ಇಷ್ಟ್ ದಿನ ನಮ್ಗೋಸ್ಕರ ತಡ್ಕಂಡಿದ್ದೆ. ಅಲ್ಲಿ ಯಾಕೆ ಅಳ್ತೀಯ ಅಂತ ಯಾರೂ ಕೇಳಕ್ಕಿಲ್ಲ. ಮನ್ಸಾರ ಅತ್ಕಂಡು ಬಾ."

ಇವತ್ತು ಚೀಲ ಕಟ್ಟಿದವರೂ ಅವರೇ. ಬೆಟ್ಟದಲ್ಲಿ ಚಳಿ ಅಂತ ಬೈರೇಶನ ಕಂದು ಸ್ವೆಟರನ್ನು ಬಿಸಿಲಿಗೆ ಹಾಕಿ, ಮಡಿಸಿ, ಮೇಲಕ್ಕೇ ಇಟ್ಟಿದ್ದಾರೆ. ನಾಳೆ ಬಂಗಾರಪೇಟೆಯಲ್ಲಿ ರೈಲು ಹತ್ತಿಸಲು ಪ್ರಿಯಾ ಬರುತ್ತಾಳೆ. ಹೆದರಿಕೆ ಇನ್ನೂ ಇದೆ, ಆದರೆ ಕಾಲು ಹಿಂದೆಗೆಯುತ್ತಿಲ್ಲ.

ನೀನು ಅಂದು ಡಬ್ಬಿ ಹಂಚಿಕೊಳ್ಳದಿದ್ದರೆ, ಈ ಬೆಟ್ಟದ ದಾರಿ ತೋರಿಸದಿದ್ದರೆ, ನಮ್ಮ ಮನೆಯಲ್ಲಿ ಆ ಟೀವಿ ಇನ್ನೂ ಕೂಗುತ್ತಲೇ ಇರುತ್ತಿತ್ತು. ಇದಕ್ಕೆ ಏನು ಹೇಳಬೇಕೋ ನನಗೆ ತಿಳಿಯದು. ಸಾಧ್ಯವಾದರೆ ಒಂದು ಭಾನುವಾರ ಬಂದು ಅತ್ತೆಯ ಹತ್ತಿರ ಕೂತು ಹೋಗು. ಅವರಿಗೀಗ ಮಾತು ಬೇಕು.

ನಿನ್ನ ಋಣದಲ್ಲಿ ಸಂತೋಷವಾಗಿರುವ,
ಅರುಣಕುಮಾರಿ

ತಾ.ಕ.: ನಿನ್ನೆ ಕೇಂದ್ರದವರು ಫೋನು ಮಾಡಿ, ಮೇಲೆ ಏನಾದರೂ ಹೆಚ್ಚುಕಡಿಮೆಯಾದರೆ ಯಾರಿಗೆ ತಿಳಿಸಬೇಕು ಅಂತ ಕೇಳಿದರು. ನಿನ್ನ ನಂಬರು ಕೊಟ್ಟೆ. ಏನಾಗಬೇಕು ಅಂದರು. ತಂಗಿ ಅಂದೆ. ಪಕ್ಕದಲ್ಲಿದ್ದ ಅತ್ತೆ ಕೇಳಿಸಿಕೊಂಡು, "ಸರ್ಯಾಗೇ ಯೋಳ್ದೆ," ಅಂದರು. ಕೇಂದ್ರದವರು ಫೋನು ಮಾಡಿದರೆ ನೀನೂ ಹಾಗೇ ಹೇಳು.