ಎರಡೂವರೆ ಸಾವಿರ ವರ್ಷ ಹಿಂದಕ್ಕೆ ಬಿದ್ದ ಮೇಷ್ಟ್ರು

ಅಜ್ಜಿ,

ಹಲ್ಲು ಕಟ್ಟುವ ಹೊಸ ಕೆಲಸಕ್ಕೆ ಕೈ ಹೊಂದಿಕೊಂಡಿದೆ. ಊಟ ನಿದ್ದೆಗೆ ಕೊರತೆಯಿಲ್ಲ, ಸ್ವಲ್ಪ ನೆಗಡಿ.

ಇಂದು ಬೆಳಗ್ಗೆ ಭಾಷಾಚರಿತ್ರೆಯ ಮೇಷ್ಟ್ರೊಬ್ಬರು ಮೇಲಿನ ಹಲ್ಲಿನ ಸೆಟ್ಟು ಮುರಿದುಕೊಂಡು ಓಡಿಬಂದರು. ಇಂಗ್ಲಿಷರ, ಜರ್ಮನ್ನರ ಎರಡೂವರೆ ಸಾವಿರ ವರ್ಷ ಹಿಂದಿನ ಪೂರ್ವಿಕರ ಬಾಯಲ್ಲಿ ‘ಪ’ ಹೋಗಿ ‘ಫ’ ಹೇಗೆ ಬಂತು ಎಂದು ಅವರು ಮಧ್ಯಾಹ್ನ ಪಾಠ ಮಾಡಬೇಕಿತ್ತು. ಕೆಳತುಟಿ ಮೇಲಿನ ಹಲ್ಲಿಗೆ ತಾಗದೆ ಇಂಗ್ಲಿಷಿನ ಆ ‘ಫ’ ಹೊರಡುವುದೇ ಇಲ್ಲ.

“ಅಪ್ಪನಿಗೆ ಪಾದರ್ ಅಂತಿದೀನಿ ಕಣಮ್ಮ. ಎರಡೂವರೆ ಸಾವಿರ ವರ್ಷ ಹಿಂದಕ್ಕೆ ಬಿದ್ದೆ, ಬೇಗ ಎತ್ತು,” ಎಂದರು.

ಅಂಟಿಸಿ ಕೂರಿಸಿದೆ. ನನ್ನ ಮುಖಕ್ಕೇ “ಫಾದರ್” ಎಂದು ಊದಿ ಹೋದರು.

ನಮ್ಮವರೇ ಜಾಣರು. ಹಳಗನ್ನಡದ ‘ಪಲ್’ ಅನ್ನು ‘ಹಲ್ಲು’ ಮಾಡಿಕೊಂಡರು. ‘ಹ’ ಅನ್ನಲು ಹಲ್ಲೇ ಬೇಡ. ಅದಕ್ಕೇ ನಾನು ಕಟ್ಟಿಕೊಟ್ಟ ಸೆಟ್ಟನ್ನು ಡಬ್ಬಿಯಲ್ಲೇ ಇಟ್ಟು ನೀನು ಮನೆಮಂದಿಗೆಲ್ಲ ಬೈಯುತ್ತೀಯ. ಕಾರ್ಡು ತುಂಬಿತು. ಅಗಿಯಲಿಕ್ಕಾದರೂ ಹಾಕಿಕೋ.

ನಿನ್ನ ಮೊಮ್ಮಗಳು